ಬಾಹ್ಯಾಕಾಶ ಯಾನ ಮತ್ತು ದೇಹದ ಸಮತೋಲನ

ಪೀಠಿಕೆ

ನೆಟ್ಟಗೆ ನಿಲ್ಲುವುದು, ಕತ್ತಲಲ್ಲಿ ಎದ್ದು ಬಾಗಿಲವರೆಗೆ ನಡೆಯುವುದು, ತಲೆಯ ಮೇಲೆ ಹೊರೆ ಹೊತ್ತು ಗದ್ದೆಯ ಬದುವಿನ ಮೇಲೆ ಸಾಗುವುದು ಮುಂತಾದವು ಯೋಚನೆಯ ಅಗತ್ಯವೇ ಇಲ್ಲದ ಸರಳ ಕೆಲಸಗಳೆಂದು ತೋರುತ್ತವೆ. ಆದರೆ ಇಂತಹ ಪ್ರತಿಯೊಂದು ಕೆಲಸದ ಹಿಂದೆಯೂ ಮೆದುಳು ಕ್ಷಣಕ್ಷಣಕ್ಕೆ ನಡೆಸುವ ಲೆಕ್ಕಾಚಾರವಿದೆ. ಮೇಲೆ ಯಾವುದು, ಕೆಳಗೆ ಯಾವುದು, ದೇಹ ಎತ್ತ ವಾಲಿದೆ, ಎಷ್ಟು ವೇಗದಲ್ಲಿ ಚಲಿಸುತ್ತಿದೆ ಎಂಬುದನ್ನು ಮೆದುಳು ಹಲವು ಅಂಗಗಳ ಸೂಚನೆಗಳಿಂದ ನಿರ್ಧರಿಸುತ್ತದೆ. ಈ ಲೆಕ್ಕಾಚಾರಕ್ಕೆ ಭೂಮಿಯ ಗುರುತ್ವಾಕರ್ಷಣೆಯೇ ಅಡಿಪಾಯ.

ಬಾಹ್ಯಾಕಾಶಕ್ಕೆ ತೆರಳುವ ಗಗನಯಾತ್ರಿಗಳಿಗೆ ಈ ಅಡಿಪಾಯವು ಕೆಲವೇ ನಿಮಿಷಗಳಲ್ಲಿ ತಪ್ಪಿಹೋಗುತ್ತದೆ. ಅವರಿಗೆ ಉಂಟಾಗುವ ತಲೆಸುತ್ತು, ವಾಕರಿಕೆ ಮತ್ತು ದಿಕ್ಕಿನ ಗೊಂದಲಗಳಿಗೂ, ಗುಂಡ್ಲುಪೇಟೆಯಿಂದ ಘಟ್ಟದ ರಸ್ತೆ ಹಿಡಿದು ಹೋಗುವ ಪ್ರಯಾಣಿಕರಿಗೆ ಆಗುವ ತೊಂದರೆಗೂ ಮೂಲ ಕಾರಣ ಒಂದೇ ಬಗೆಯದು. ಈ ವಿಷಯವನ್ನು ಚಾಮರಾಜನಗರ ಜಿಲ್ಲೆಯ ವಿದ್ಯಾರ್ಥಿಗಳು, ಶಿಕ್ಷಕರು ಹಾಗೂ ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ.

ಸಮತೋಲನದ ಮೂರು ಆಧಾರಗಳು

ದೇಹದ ಸಮತೋಲನವು ಮುಖ್ಯವಾಗಿ ಮೂರು ಮೂಲಗಳಿಂದ ಬರುವ ಸೂಚನೆಗಳನ್ನು ಅವಲಂಬಿಸಿದೆ.

1. ಕಣ್ಣು: ದಿಗಂತ, ಗೋಡೆ, ಕಂಬ, ಮರಗಳಂತಹ ನೆಟ್ಟಗಿರುವ ಹಾಗೂ ಅಡ್ಡಲಾಗಿರುವ ವಸ್ತುಗಳನ್ನು ನೋಡಿ ದೇಹದ ನಿಲುವನ್ನು ತಿಳಿಸುತ್ತದೆ.

2. ಒಳಕಿವಿ: ತಲೆಯ ತಿರುಗುವಿಕೆ, ವಾಲುವಿಕೆ ಮತ್ತು ಚಲನೆಯ ವೇಗದಲ್ಲಾಗುವ ಬದಲಾವಣೆಯನ್ನು ತಿಳಿಸುತ್ತದೆ.

3. ಸ್ನಾಯು, ಕೀಲು ಮತ್ತು ಅಂಗಾಲು: ಕೈಕಾಲುಗಳು ಯಾವ ಸ್ಥಿತಿಯಲ್ಲಿವೆ, ದೇಹದ ಭಾರ ಯಾವ ಪಾದದ ಮೇಲೆ ಎಷ್ಟು ಬಿದ್ದಿದೆ ಎಂಬುದನ್ನು ತಿಳಿಸುತ್ತವೆ.

ಈ ಮೂರರಲ್ಲಿ ಒಂದು ಇಲ್ಲವಾದರೂ ಉಳಿದೆರಡು ಸಾಮಾನ್ಯವಾಗಿ ದೇಹವನ್ನು ಕಾಪಾಡುತ್ತವೆ. ಗುಂಡ್ಲುಪೇಟೆ ತಾಲ್ಲೂಕಿನ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಮೇಲೆ ದಟ್ಟ ಮಂಜು ಕವಿದಾಗ ಕೆಲವೇ ಅಡಿಗಳಾಚೆಗೆ ಏನೂ ಕಾಣುವುದಿಲ್ಲ. ಆದರೂ ಭಕ್ತರು ದೇವಸ್ಥಾನದ ಮೆಟ್ಟಿಲುಗಳನ್ನು ಬೀಳದೆ ಏರುತ್ತಾರೆ. ಕಣ್ಣಿಗೆ ಆಧಾರ ತಪ್ಪಿದರೂ ಅಂಗಾಲು ಮತ್ತು ಒಳಕಿವಿ ತಮ್ಮ ಕೆಲಸವನ್ನು ಮುಂದುವರಿಸುವುದೇ ಇದಕ್ಕೆ ಕಾರಣ.

ಮೋಡದೊಳಗೆ ಸಿಲುಕಿದ ವಿಮಾನದ ಚಾಲಕನ ಸ್ಥಿತಿ ಇದಕ್ಕಿಂತ ಕಠಿಣವಾದುದು. ಆತನಿಗೆ ದಿಗಂತ ಕಾಣುವುದಿಲ್ಲ. ಅಂಗಾಲಿನ ಕೆಳಗಿರುವುದು ಓಲಾಡುವ ವಿಮಾನವೇ ಹೊರತು ನೆಲವಲ್ಲ. ವಿಮಾನವು ನಿಧಾನವಾಗಿ ವಾಲುತ್ತಿದ್ದರೂ ನೇರವಾಗಿ ಹಾರುತ್ತಿದೆ ಎಂಬ ಭ್ರಮೆ ಆತನಿಗೆ ಉಂಟಾಗಬಹುದು. ಆದುದರಿಂದಲೇ ತಮ್ಮ ಅನಿಸಿಕೆಗಿಂತ ಉಪಕರಣಗಳ ಮುಳ್ಳನ್ನು ನಂಬುವಂತೆ ವಿಮಾನ ಚಾಲಕರಿಗೆ ತರಬೇತಿ ನೀಡಲಾಗುತ್ತದೆ.

ಒಳಕಿವಿಯ ರಚನೆ ಮತ್ತು ಕಾರ್ಯ

ಪ್ರತಿಯೊಂದು ಒಳಕಿವಿಯಲ್ಲಿಯೂ ಸಮತೋಲನಕ್ಕೆ ಸಂಬಂಧಿಸಿದ ಎರಡು ಬಗೆಯ ಅಂಗಗಳಿವೆ.

ಮೊದಲನೆಯವು ಅರೆವೃತ್ತ ನಾಳಗಳು. ಇವು ಮೂರು ಬೇರೆ ಬೇರೆ ದಿಕ್ಕುಗಳಿಗೆ ಮುಖ ಮಾಡಿರುತ್ತವೆ ಮತ್ತು ದ್ರವದಿಂದ ತುಂಬಿರುತ್ತವೆ. ನೀರು ತುಂಬಿದ ಪಾತ್ರೆಯನ್ನು ಥಟ್ಟನೆ ತಿರುಗಿಸಿದರೆ ಪಾತ್ರೆ ತಿರುಗಿದರೂ ಒಳಗಿನ ನೀರು ಕ್ಷಣಕಾಲ ಹಿಂದೆ ಉಳಿಯುತ್ತದೆ. ಅದರಂತೆಯೇ ತಲೆ ತಿರುಗಿದಾಗ ನಾಳದ ದ್ರವ ಹಿಂದೆ ಉಳಿದು ಅಲ್ಲಿರುವ ಸೂಕ್ಷ್ಮ ರೋಮಕೋಶಗಳನ್ನು ಬಾಗಿಸುತ್ತದೆ. ಮಕ್ಕಳು ಗಿರಗಿರನೆ ಸುತ್ತಿ ನಿಂತಾಗ ನೆಲವೇ ಸುತ್ತುವಂತೆ ಭಾಸವಾಗುವುದು, ದೇಹ ನಿಂತ ಮೇಲೂ ಈ ದ್ರವ ಸ್ವಲ್ಪ ಹೊತ್ತು ಚಲಿಸುತ್ತಿರುವುದರಿಂದ.

ಎರಡನೆಯವು ಓಟೋಲಿತ್ ಅಂಗಗಳು. ಅಂಟಿನಂತಹ ಪದರದ ಮೇಲೆ ಕ್ಯಾಲ್ಸಿಯಂ ಕಾರ್ಬೊನೇಟಿನ ಅತಿ ಸಣ್ಣ ಹರಳುಗಳು ಇಲ್ಲಿ ಹರಡಿಕೊಂಡಿವೆ. ಸುಣ್ಣದ ಕಲ್ಲಿನಲ್ಲಿ ಮುಖ್ಯವಾಗಿ ಇರುವ ವಸ್ತುವೂ ಇದೇ. ತಲೆ ವಾಲಿದಾಗ ಗುರುತ್ವಾಕರ್ಷಣೆಯ ಸೆಳೆತಕ್ಕೆ ಈ ಹರಳುಗಳು ತುಸು ಜಾರಿ ರೋಮಕೋಶಗಳನ್ನು ಬಾಗಿಸುತ್ತವೆ. ಇದರಿಂದ ತಲೆ ಎತ್ತ ವಾಲಿದೆ ಎಂಬುದು ಮೆದುಳಿಗೆ ತಿಳಿಯುತ್ತದೆ.

ಇಲ್ಲಿ ಗಮನಿಸಬೇಕಾದ ಮುಖ್ಯ ಅಂಶವೊಂದಿದೆ. ಬಸ್ಸು ಥಟ್ಟನೆ ಮುಂದಕ್ಕೆ ಚಲಿಸಿದಾಗಲೂ ಹರಳುಗಳು ಹಿಂದಕ್ಕೆ ಜಾರುತ್ತವೆ. ತಲೆಯನ್ನು ಹಿಂದಕ್ಕೆ ವಾಲಿಸಿದಾಗಲೂ ಹಾಗೆಯೇ ಜಾರುತ್ತವೆ. ಚಲನೆ ಯಾವುದು, ವಾಲುವಿಕೆ ಯಾವುದು ಎಂಬ ಭೇದವನ್ನು ಹರಳುಗಳು ತಾವಾಗಿ ಹೇಳಲಾರವು. ಅರೆವೃತ್ತ ನಾಳ, ಕಣ್ಣು ಮತ್ತು ಅಂಗಾಲಿನ ಸೂಚನೆಗಳೊಡನೆ ಹೋಲಿಸಿ ಮೆದುಳೇ ಅದನ್ನು ನಿರ್ಣಯಿಸಬೇಕು. ಈ ನಿರ್ಣಯವನ್ನು ಮೆದುಳು ಶೈಶವದಿಂದಲೂ ಅಭ್ಯಾಸದಿಂದ ಕಲಿತುಕೊಂಡಿರುತ್ತದೆ.

ಘಟ್ಟದ ರಸ್ತೆಯಲ್ಲಿ ವಾಂತಿ ಏಕೆ?

ಗುಂಡ್ಲುಪೇಟೆಯು ಉದಕಮಂಡಲ ಮತ್ತು ವಯನಾಡು ಕಡೆಯ ರಸ್ತೆಗಳು ಕವಲೊಡೆಯುವ ಪಟ್ಟಣ. ಬಂಡೀಪುರವನ್ನು ದಾಟಿ, ಮಸಿನಗುಡಿಯಿಂದ ಕಲ್ಲಟ್ಟಿ ಮಾರ್ಗವಾಗಿ ಉದಕಮಂಡಲಕ್ಕೆ ಏರುವ ರಸ್ತೆಯಲ್ಲಿ 36 ಹೇರ್‌ಪಿನ್ ತಿರುವುಗಳಿವೆ. ಜಿಲ್ಲೆಯ ಒಳಗೆ ಮಲೆ ಮಹದೇಶ್ವರ ಬೆಟ್ಟ ಮತ್ತು ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗುವ ರಸ್ತೆಗಳೂ ತಿರುವುಗಳಿಂದ ಕೂಡಿವೆ.

ಇಂತಹ ರಸ್ತೆಯಲ್ಲಿ ಒಳಕಿವಿಯು ದೇಹ ತಿರುಗುತ್ತಿದೆ, ಏರುತ್ತಿದೆ, ವಾಲುತ್ತಿದೆ ಎಂದು ತಿಳಿಸುತ್ತದೆ. ಪ್ರಯಾಣಿಕನ ಕಣ್ಣು ಮುಂದಿನ ಸೀಟಿನ ಮೇಲೋ ಕೈಯಲ್ಲಿರುವ ಮೊಬೈಲಿನ ಮೇಲೋ ನೆಟ್ಟಿದ್ದರೆ ಏನೂ ಕದಲುತ್ತಿಲ್ಲ ಎಂದು ತಿಳಿಸುತ್ತದೆ. ಎರಡು ಸಾಕ್ಷಿಗಳ ಹೇಳಿಕೆ ಹೊಂದದಿದ್ದಾಗ ಮೆದುಳು ಗೊಂದಲಕ್ಕೆ ಒಳಗಾಗಿ, ಬೆವರು, ಜೊಲ್ಲು, ವಾಕರಿಕೆ ಮತ್ತು ವಾಂತಿ ಕಾಣಿಸಿಕೊಳ್ಳುತ್ತವೆ. ವಾಹನದ ಚಾಲಕನಿಗೆ ಈ ತೊಂದರೆ ಅಪರೂಪ. ಆತನ ಕಣ್ಣು ರಸ್ತೆಯ ಮೇಲಿರುತ್ತದೆ ಮತ್ತು ಮುಂದಿನ ತಿರುವು ಎತ್ತ ಎಂಬುದು ಆತನಿಗೆ ಮೊದಲೇ ತಿಳಿದಿರುತ್ತದೆ.

ಕಕ್ಷೆಯಲ್ಲಿ ಆಗುವ ಬದಲಾವಣೆಗಳು

ಬಾಹ್ಯಾಕಾಶ ನಿಲ್ದಾಣವು ಭೂಮಿಯಿಂದ ಸುಮಾರು 400 ಕಿ.ಮೀ. ಎತ್ತರದಲ್ಲಿ ಗಂಟೆಗೆ ಸುಮಾರು 28,000 ಕಿ.ಮೀ. ವೇಗದಲ್ಲಿ ಸುತ್ತುತ್ತದೆ. ಅಲ್ಲಿ ಗುರುತ್ವಾಕರ್ಷಣೆ ಇಲ್ಲವೇ ಇಲ್ಲ ಎಂಬ ಸಾಮಾನ್ಯ ತಿಳಿವಳಿಕೆ ಸರಿಯಲ್ಲ; ಭೂಮಿಯ ಮೇಲಿರುವುದರ ಸುಮಾರು ಶೇ. 90ರಷ್ಟು ಅಲ್ಲಿಯೂ ಇರುತ್ತದೆ. ಆದರೆ ನಿಲ್ದಾಣವೂ ಅದರೊಳಗಿನ ಮನುಷ್ಯರೂ ಭೂಮಿಯ ಸುತ್ತ ಒಟ್ಟಿಗೆ ಸತತವಾಗಿ ಬೀಳುತ್ತಿರುವ ಸ್ಥಿತಿಯಲ್ಲಿರುವುದರಿಂದ ತೂಕದ ಅನುಭವವಾಗುವುದಿಲ್ಲ.

ಈ ಸ್ಥಿತಿಯಲ್ಲಿ ತಲೆಯನ್ನು ಎಷ್ಟೇ ವಾಲಿಸಿದರೂ ಒಳಕಿವಿಯ ಹರಳುಗಳು ಭಾರದಿಂದ ಜಾರುವುದಿಲ್ಲ. ಅಂಗಾಲಿನ ಮೇಲೆ ಭಾರವಿಲ್ಲ. ಅರೆವೃತ್ತ ನಾಳಗಳು ಮಾತ್ರ ಹಿಂದಿನಂತೆಯೇ ಕೆಲಸ ಮಾಡುತ್ತವೆ. ಗಗನಯಾತ್ರಿಯು ತಲೆ ಬಗ್ಗಿಸಿದರೆ ತಲೆ ತಿರುಗಿತು ಎಂದು ನಾಳಗಳು ಹೇಳುತ್ತವೆ, ಹರಳುಗಳು ಅದನ್ನು ಸಮರ್ಥಿಸುವುದಿಲ್ಲ. ಇದರಿಂದ ಉಂಟಾಗುವ ಮುಖ್ಯ ಪರಿಣಾಮಗಳು ಹೀಗಿವೆ.

1. ಬಾಹ್ಯಾಕಾಶ ಕಾಯಿಲೆ: ವಾಕರಿಕೆ, ವಾಂತಿ, ತಲೆನೋವು, ಮಂಪರು ಮತ್ತು ನಿರುತ್ಸಾಹ ಇದರ ಲಕ್ಷಣಗಳು. ಗಗನಯಾತ್ರಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಮೊದಲ ಎರಡು ಮೂರು ದಿನಗಳಲ್ಲಿ ಇದು ಒಂದಲ್ಲ ಒಂದು ಪ್ರಮಾಣದಲ್ಲಿ ಕಾಣಿಸಿಕೊಳ್ಳುತ್ತದೆ.

2. ತಲೆಕೆಳಗಾದ ಭ್ರಮೆ: ಕಕ್ಷೆ ಸೇರಿದ ಕೂಡಲೇ ತಾವು ತಲೆಕೆಳಗಾಗಿ ತೂಗುತ್ತಿರುವಂತೆ ಕೆಲವರಿಗೆ ಅನಿಸುತ್ತದೆ. ಕಣ್ಣು ಮುಚ್ಚಿದರೂ ಈ ಅನಿಸಿಕೆ ಹೋಗದಿರಬಹುದು.

3. ನೆಲ ಮತ್ತು ಛಾವಣಿಯ ಗೊಂದಲ: ಕಾಲ ಕೆಳಗೆ ಯಾವ ಗೋಡೆ ಬರುತ್ತದೋ ಅದೇ ನೆಲವೆಂದು ಮನಸ್ಸು ಥಟ್ಟನೆ ನಿರ್ಧರಿಸುತ್ತದೆ. ಪರಿಚಿತ ಕೋಣೆಯೇ ಕ್ಷಣಾರ್ಧದಲ್ಲಿ ಅಪರಿಚಿತವಾಗಿ ತೋರಬಹುದು. ಇದನ್ನು ಕಡಿಮೆ ಮಾಡಲು ನಿಲ್ದಾಣದಲ್ಲಿ ದೀಪಗಳನ್ನು ಮೇಲ್ಭಾಗವೆಂದು ಗುರುತಿಸಿದ ಕಡೆ ಅಳವಡಿಸಿ, ಬರಹಗಳನ್ನು ಒಂದೇ ದಿಕ್ಕಿಗೆ ಬರೆಯಲಾಗಿರುತ್ತದೆ.

4. ಕೈಕಾಲುಗಳ ಅಂದಾಜು ತಪ್ಪುವುದು: ಕಣ್ಣು ಮುಚ್ಚಿ ನಿರ್ದಿಷ್ಟ ಬಿಂದುವಿನತ್ತ ಬೆರಳು ತೋರಿಸುವಂತಹ ಕೆಲಸಗಳಲ್ಲಿ ನಿಖರತೆ ತಗ್ಗುತ್ತದೆ.

ಬಾಹ್ಯಾಕಾಶ ಕಾಯಿಲೆಯನ್ನು ಮೊದಲು ಅನುಭವಿಸಿದವರು ಸೋವಿಯತ್ ಗಗನಯಾತ್ರಿ ಘೆರ್ಮನ್ ಟಿಟೋವ್. 1961ರ ಏಪ್ರಿಲ್ 12ರಂದು ಯೂರಿ ಗಗಾರಿನ್ ಅವರ ಯಾನವು 108 ನಿಮಿಷಗಳಲ್ಲಿ ಮುಗಿದಿತ್ತು. ಅದೇ ವರ್ಷದ ಆಗಸ್ಟ್‌ನಲ್ಲಿ ಟಿಟೋವ್ ಅವರು ಒಂದು ದಿನಕ್ಕೂ ಹೆಚ್ಚು ಕಾಲ ಕಕ್ಷೆಯಲ್ಲಿದ್ದಾಗ ಈ ತೊಂದರೆ ಕಾಣಿಸಿಕೊಂಡಿತು. 1969ರ ಮಾರ್ಚ್‌ನಲ್ಲಿ ಅಪೋಲೋ 9 ಯಾನದ ಗಗನಯಾತ್ರಿ ರಸ್ಟಿ ಶ್ವೈಕಾರ್ಟ್ ಅವರಿಗೆ ವಾಂತಿಯಾದುದರಿಂದ, ನೌಕೆಯಿಂದ ಹೊರಗೆ ಹೋಗಿ ಮಾಡಬೇಕಾಗಿದ್ದ ಕೆಲಸವನ್ನು ಮುಂದೂಡಿ ಮೊಟಕುಗೊಳಿಸಬೇಕಾಯಿತು. ಮುಚ್ಚಿದ ಶಿರಸ್ತ್ರಾಣದೊಳಗೆ ವಾಂತಿಯಾದರೆ ಉಸಿರುಗಟ್ಟಿ ಪ್ರಾಣಕ್ಕೇ ಅಪಾಯವಾಗಬಹುದು. ಆದಕಾರಣ ಯಾನದ ಮೊದಲ ದಿನಗಳಲ್ಲಿ ಇಂತಹ ಕೆಲಸವನ್ನು ಸಾಮಾನ್ಯವಾಗಿ ಯೋಜಿಸುವುದಿಲ್ಲ.

ಮೆದುಳಿನ ಹೊಸ ಕಲಿಕೆ

ಈ ತೊಂದರೆ ಬಹುತೇಕರಲ್ಲಿ ಕೆಲವು ದಿನಗಳಲ್ಲಿ ತಾನಾಗಿಯೇ ಶಮನವಾಗುತ್ತದೆ. ಮೆದುಳು ಹರಳುಗಳ ಸೂಚನೆಗೆ ಹೊಸ ಅರ್ಥವನ್ನು ಕಲಿಯುವುದು ಇದಕ್ಕೆ ಕಾರಣವೆಂದು ತಜ್ಞರು ವಿವರಿಸುತ್ತಾರೆ. ಕಕ್ಷೆಯಲ್ಲಿ ತಲೆ ವಾಲಿದರೆ ಹರಳುಗಳು ಜಾರುವುದಿಲ್ಲ, ಗೋಡೆಯನ್ನು ತಳ್ಳಿ ಮುಂದೆ ತೇಲಿದಾಗ ಮಾತ್ರ ಜಾರುತ್ತವೆ. ಹೀಗಾಗಿ ಹರಳುಗಳು ಜಾರಿದರೆ ಅದು ಚಲನೆಯೇ ಹೊರತು ವಾಲುವಿಕೆಯಲ್ಲ ಎಂದು ಮೆದುಳು ತೀರ್ಮಾನಿಸತೊಡಗುತ್ತದೆ. ಜೊತೆಗೆ ಕಣ್ಣಿನ ಮೇಲಿನ ಅವಲಂಬನೆಯನ್ನು ಹೆಚ್ಚಿಸಿಕೊಳ್ಳುತ್ತದೆ.

1973–74ರ ಸ್ಕೈಲ್ಯಾಬ್ ಯಾನಗಳಲ್ಲಿ ಗಗನಯಾತ್ರಿಗಳನ್ನು ತಿರುಗುವ ಕುರ್ಚಿಯಲ್ಲಿ ಕೂರಿಸಿ ಪರೀಕ್ಷಿಸಲಾಯಿತು. ಭೂಮಿಯ ಮೇಲೆ ವಾಕರಿಕೆ ತರುವಷ್ಟು ತಲೆಯ ಚಲನೆಗಳು, ಕಕ್ಷೆಗೆ ಹೊಂದಿಕೊಂಡ ನಂತರ ಅವರನ್ನು ಬಾಧಿಸಲಿಲ್ಲ.

ಅಭ್ಯಾಸದಿಂದ ಸಮತೋಲನವನ್ನು ತಿದ್ದಿಕೊಳ್ಳಬಹುದೆಂಬುದಕ್ಕೆ ನೆಲದ ಮೇಲೆಯೂ ನಿದರ್ಶನಗಳಿವೆ. ಮಲೆ ಮಹದೇಶ್ವರ ಪರಂಪರೆಯ ಬೀಸು ಕಂಸಾಳೆ ಕಲಾವಿದರು ಕಂಸಾಳೆಯನ್ನು ಬೀಸುತ್ತ, ಬಾಗುತ್ತ, ಸುತ್ತುತ್ತ, ಒಬ್ಬರ ಮೇಲೊಬ್ಬರು ನಿಂತು ಕುಣಿಯುವಾಗಲೂ ಆಯ ತಪ್ಪುವುದಿಲ್ಲ. ಇದು ವರ್ಷಗಳ ಸಾಧನೆಯಿಂದ ಮೈಗೂಡುವ ಶಕ್ತಿ.

ಭೂಮಿಗೆ ಹಿಂದಿರುಗಿದ ನಂತರ

ಕಕ್ಷೆಯಲ್ಲಿ ಉಪಕಾರವಾದ ಹೊಸ ಕಲಿಕೆಯೇ ಭೂಮಿಗೆ ಮರಳಿದಾಗ ತೊಂದರೆಗೆ ಕಾರಣವಾಗುತ್ತದೆ. ತಲೆಯನ್ನು ತುಸು ವಾಲಿಸಿದರೂ ದೇಹವನ್ನು ಯಾರೋ ಪಕ್ಕಕ್ಕೆ ತಳ್ಳಿದಂತೆ ಅಥವಾ ಸುತ್ತಲಿನ ವಸ್ತುಗಳು ಸರಿದಂತೆ ಭಾಸವಾಗಬಹುದು. ಕಾಲುಗಳನ್ನು ಅಗಲಿಸಿ ನಡೆಯುವುದು, ತಿರುವಿನಲ್ಲಿ ಪಕ್ಕಕ್ಕೆ ಸರಿಯುವುದು, ಕಣ್ಣು ಮುಚ್ಚಿ ನಿಂತರೆ ಓಲಾಡುವುದು ಸಾಮಾನ್ಯ. ಇದರೊಂದಿಗೆ ಎದ್ದು ನಿಂತಾಗ ರಕ್ತದೊತ್ತಡ ಕುಸಿದು ಕಣ್ಣು ಕತ್ತಲಿಡುವುದೂ ಉಂಟು. ಆದರೆ ಅದರ ಕಾರಣ ಬೇರೆ.

ಒಂದೆರಡು ವಾರಗಳ ಯಾನದ ನಂತರ ಸಮತೋಲನವು ಬಹುಮಟ್ಟಿಗೆ ಕೆಲವು ದಿನಗಳಲ್ಲಿ ಮರಳುತ್ತದೆ. ಹಲವು ತಿಂಗಳುಗಳ ಯಾನದ ನಂತರ ಚೇತರಿಕೆಗೆ ವಾರಗಳೇ ಬೇಕಾಗಬಹುದು.

ಇಳಿದ ಸ್ಥಳದಲ್ಲಿ ನೆರವಿನ ತಂಡವಿದ್ದರೆ ಇದು ದೊಡ್ಡ ಸಮಸ್ಯೆಯಲ್ಲ. ಆದರೆ ನೆರವು ಯಾವಾಗಲೂ ಹತ್ತಿರವಿರುತ್ತದೆ ಎನ್ನಲಾಗದು. 1965ರ ಮಾರ್ಚ್‌ನಲ್ಲಿ ವೋಸ್ಖೋದ್ 2 ನೌಕೆಯು ಗುರಿ ತಪ್ಪಿ ಹಿಮಾವೃತ ಕಾಡಿನಲ್ಲಿ ಇಳಿಯಿತು. ಪಾವೆಲ್ ಬೆಲ್ಯಾಯೆವ್ ಮತ್ತು ಅಲೆಕ್ಸಿ ಲಿಯೊನೊವ್ ಅವರು ಎರಡು ರಾತ್ರಿಗಳನ್ನು ಆ ಕಾಡಿನಲ್ಲಿಯೇ ಕಳೆಯಬೇಕಾಯಿತು. ಅವರು ಕಕ್ಷೆಯಲ್ಲಿದ್ದುದು ಸುಮಾರು ಒಂದು ದಿನ ಮಾತ್ರ. ತಿಂಗಳುಗಟ್ಟಲೆ ಬಾಹ್ಯಾಕಾಶದಲ್ಲಿದ್ದು ಬಂದವರು ಇಂತಹ ಸ್ಥಿತಿಯಲ್ಲಿ ಸಿಲುಕಿದರೆ, ಅಥವಾ ಚಂದ್ರ ಇಲ್ಲವೇ ಮಂಗಳದ ಮೇಲೆ ಇಳಿದರೆ, ಎತ್ತಿ ಕೂರಿಸುವವರು ಯಾರೂ ಇರುವುದಿಲ್ಲ. ಮೊದಲ ಕೆಲವು ಗಂಟೆಗಳಲ್ಲಿ ನೆಟ್ಟಗೆ ನಿಂತು ನಾಲ್ಕು ಹೆಜ್ಜೆ ಇಡಲು ಸಾಧ್ಯವೇ ಎಂಬುದು ಅಲ್ಲಿ ಜೀವದ ಪ್ರಶ್ನೆಯಾಗುತ್ತದೆ.

ಭಾರತೀಯ ಗಗನಯಾತ್ರಿಗಳು ಮತ್ತು ಕರ್ನಾಟಕದ ಸಂಸ್ಥೆಗಳು

ಬೆಂಗಳೂರಿನ ಭಾರತೀಯ ವಾಯುಪಡೆಯ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್ 1957ರಲ್ಲಿ ಆರಂಭವಾಯಿತು. ವಿಮಾನ ಚಾಲಕರ ವೈದ್ಯಕೀಯ ಪರೀಕ್ಷೆ, ಹಾರಾಟದಲ್ಲಿ ಉಂಟಾಗುವ ದಿಕ್ಕಿನ ಭ್ರಮೆಯ ಅಧ್ಯಯನ ಮತ್ತು ತರಬೇತಿ ಇಲ್ಲಿ ನಡೆಯುತ್ತವೆ. ಭಾರತದ ಗಗನಯಾತ್ರಿಗಳ ಆಯ್ಕೆಯ ವೈದ್ಯಕೀಯ ಪರೀಕ್ಷೆಗಳೂ ಇಲ್ಲಿ ನಡೆದಿವೆ.

ರಾಕೇಶ್ ಶರ್ಮಾ ಅವರು 1984ರ ಏಪ್ರಿಲ್ 3ರಂದು ಸೋಯುಜ್ ಟಿ-11 ನೌಕೆಯಲ್ಲಿ ತೆರಳಿ, ಸಲ್ಯೂತ್ 7 ನಿಲ್ದಾಣದಲ್ಲಿ ಕೆಲಸ ಮಾಡಿ, ಏಪ್ರಿಲ್ 11ರಂದು ಹಿಂದಿರುಗಿದರು. ತೂಕರಹಿತ ಸ್ಥಿತಿಗೆ ದೇಹ ಹೊಂದಿಕೊಳ್ಳಲು ಯೋಗಾಭ್ಯಾಸವು ನೆರವಾಗುವುದೇ ಎಂಬುದು ಅವರು ನಡೆಸಿದ ಪ್ರಯೋಗಗಳಲ್ಲಿ ಒಂದು. ಒಬ್ಬರ ಅನುಭವದಿಂದ ಸಾಮಾನ್ಯ ತೀರ್ಮಾನಕ್ಕೆ ಬರಲಾಗದಿದ್ದರೂ, ಮೊದಲೇ ರೂಢಿಸಿಕೊಂಡ ಅಭ್ಯಾಸ ಕಕ್ಷೆಯಲ್ಲಿ ಉಪಯೋಗಕ್ಕೆ ಬಂದೀತೇ ಎಂಬ ಪ್ರಶ್ನೆಯನ್ನು ಅದು ಎತ್ತಿತು.

ಶುಭಾಂಶು ಶುಕ್ಲಾ ಅವರು 2025ರ ಜೂನ್ 25ರಂದು ಆಕ್ಸಿಯಂ-4 ಯಾನದಲ್ಲಿ ತೆರಳಿ, ಮರುದಿನ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವನ್ನು ಸೇರಿದರು. ಜುಲೈ 15ರಂದು ಕ್ಯಾಲಿಫೋರ್ನಿಯಾದ ಕರಾವಳಿಯ ಸಮುದ್ರದಲ್ಲಿ ಇಳಿದರು. ಮೊದಲ ದಿನ ಅಷ್ಟೇನೂ ಸೌಖ್ಯವೆನಿಸಲಿಲ್ಲ, ಬಹಳ ನಿದ್ರೆ ಬಂದಿತು, ಮಗುವಿನಂತೆ ಎಲ್ಲವನ್ನೂ ಹೊಸದಾಗಿ ಕಲಿಯುತ್ತಿರುವೆ ಎಂಬ ಅರ್ಥದಲ್ಲಿ ಅವರು ನಿಲ್ದಾಣದಿಂದ ಮಾತನಾಡಿದರು. ಹಿಂದಿರುಗಿದ ಮೇಲೆ, ತೇಲುತ್ತದೆಂಬ ರೂಢಿಯಲ್ಲಿ ಲ್ಯಾಪ್‌ಟಾಪನ್ನು ಹಾಸಿಗೆಯ ಪಕ್ಕದ ಗಾಳಿಯಲ್ಲಿ ಬಿಟ್ಟು ಅದು ಕೆಳಗೆ ಬಿದ್ದ ಸಂಗತಿಯನ್ನೂ ಅವರು ಹೇಳಿಕೊಂಡಿದ್ದಾರೆ. ಮೆದುಳು ಕಕ್ಷೆಯ ಪಾಠವನ್ನು ಎಷ್ಟು ಬೇಗ ಕಲಿಯುತ್ತದೆ, ನೆಲದ ಪಾಠವನ್ನು ನೆನಪಿಸಿಕೊಳ್ಳಲು ಎಷ್ಟು ಸಮಯ ಬೇಕು ಎಂಬುದಕ್ಕೆ ಇದು ಸರಳ ಉದಾಹರಣೆ. ಅದೇ ಯಾನದಲ್ಲಿ, ತೂಕರಹಿತ ಸ್ಥಿತಿಯಲ್ಲಿ ಗಣಕದ ಪರದೆಯನ್ನು ಬಳಸುವಾಗ ದೃಷ್ಟಿ ನೆಡುವುದು, ಕಣ್ಣಿನ ವೇಗದ ಚಲನೆ ಮತ್ತು ಗುರಿ ಮುಟ್ಟುವ ಕೆಲಸಗಳಲ್ಲಿ ಆಗುವ ವ್ಯತ್ಯಾಸದ ಬಗ್ಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ರೂಪಿಸಿದ ಪ್ರಯೋಗವೂ ಸೇರಿತ್ತು.

ಗಗನಯಾನ ಯೋಜನೆಗೆ ಪ್ರಶಾಂತ್ ಬಾಲಕೃಷ್ಣನ್ ನಾಯರ್, ಅಜಿತ್ ಕೃಷ್ಣನ್, ಅಂಗದ್ ಪ್ರತಾಪ್ ಮತ್ತು ಶುಭಾಂಶು ಶುಕ್ಲಾ ಅವರ ಹೆಸರುಗಳನ್ನು 2024ರ ಫೆಬ್ರವರಿ 27ರಂದು ಪ್ರಕಟಿಸಲಾಯಿತು. ಈ ಯೋಜನೆಯ ಹೊಣೆ ಹೊತ್ತ ಮಾನವ ಬಾಹ್ಯಾಕಾಶ ಯಾನ ಕೇಂದ್ರವು 2019ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾಯಿತು. ಸುಮಾರು 400 ಕಿ.ಮೀ. ಎತ್ತರದ ಕಕ್ಷೆಗೆ ಮೂರು ದಿನಗಳ ಯಾನ ಕೈಗೊಂಡು ಸಮುದ್ರದಲ್ಲಿ ಇಳಿಯುವುದು ಯೋಜನೆಯ ರೂಪ. ಬಾಹ್ಯಾಕಾಶ ಕಾಯಿಲೆ ಹೆಚ್ಚಾಗಿ ಬಾಧಿಸುವುದು ಮೊದಲ ಎರಡು ಮೂರು ದಿನಗಳಲ್ಲಿ. ಅಂದರೆ ಯಾನದ ಬಹುಭಾಗ ಇದೇ ಅವಧಿಯಲ್ಲಿ ಕಳೆಯುತ್ತದೆ. ದೇಹವು ಕಕ್ಷೆಗೆ ಹೊಂದಿಕೊಳ್ಳುವ ವೇಳೆಗೆ ಮರಳುವ ಸಮಯ ಬಂದಿರುತ್ತದೆ, ಇಳಿದ ಕೋಶವು ಅಲೆಗಳ ಮೇಲೆ ಓಲಾಡುತ್ತಿರುತ್ತದೆ. ಆದುದರಿಂದ ಹೊರಡುವ ಮೊದಲಿನ ತರಬೇತಿಗೆ ವಿಶೇಷ ಮಹತ್ವವಿದೆ.

ಸಾರ್ವಜನಿಕರಿಗೆ ಉಪಯುಕ್ತ ಮಾಹಿತಿ

ಗಗನಯಾತ್ರಿಗಳ ಪುನಶ್ಚೇತನದ ತತ್ವವು ಸಮತೋಲನ ಕೆಟ್ಟ ಸಾಮಾನ್ಯ ರೋಗಿಗಳಿಗೂ ಅನ್ವಯಿಸುತ್ತದೆ. ಮೆದುಳು ಮತ್ತೆ ಕಲಿಯಬೇಕಾದರೆ ದೇಹವು ಚಲಿಸಬೇಕು. ಬೀಳುವ ಭಯದಿಂದ ಸದಾ ಮಲಗಿಯೇ ಇರುವ ವೃದ್ಧರಲ್ಲಿ ಸ್ನಾಯುಗಳು ಸೊರಗುವುದಲ್ಲದೆ ಸಮತೋಲನವೂ ಮತ್ತಷ್ಟು ಕುಗ್ಗುತ್ತದೆ. ವೃದ್ಧಾಪ್ಯದಲ್ಲಿ ಒಮ್ಮೆ ಬಿದ್ದು ಸೊಂಟದ ಮೂಳೆ ಮುರಿದರೆ ಮತ್ತೆ ಸ್ವತಂತ್ರವಾಗಿ ನಡೆದಾಡುವುದು ಹಲವರಿಗೆ ಸಾಧ್ಯವಾಗುವುದಿಲ್ಲ.

ಘಟ್ಟದ ರಸ್ತೆಯಲ್ಲಿ ಪ್ರಯಾಣಿಸುವವರು:

– ಬಸ್ಸಿನ ಮುಂಭಾಗದಲ್ಲಿ ಕುಳಿತು ದೂರದ ರಸ್ತೆ ಅಥವಾ ಬೆಟ್ಟದ ಸಾಲನ್ನು ನೋಡುವುದು.
– ಚಲಿಸುವ ವಾಹನದಲ್ಲಿ ಓದುವುದನ್ನು ಮತ್ತು ಮೊಬೈಲ್ ನೋಡುವುದನ್ನು ಬಿಡುವುದು.
– ತಲೆಯನ್ನು ಸೀಟಿಗೆ ಒರಗಿಸಿ ಆದಷ್ಟು ಅಲುಗಾಡದಂತೆ ಇರಿಸಿಕೊಳ್ಳುವುದು.
– ಹೊಟ್ಟೆ ಬಿರಿಯುವಂತೆ ಉಂಡು ಹೊರಡದೆ ಮಿತವಾಗಿ ಆಹಾರ ಸೇವಿಸುವುದು.
– ವಾಂತಿ ತಡೆಯುವ ಮಾತ್ರೆಗಳನ್ನು ವೈದ್ಯರ ಸಲಹೆಯಂತೆ ಮಾತ್ರ ಬಳಸುವುದು. ಇವುಗಳಲ್ಲಿ ಹಲವು ಮಂಪರು ತರುವುದರಿಂದ ವಾಹನ ಚಲಾಯಿಸುವವರು ಸೇವಿಸಬಾರದು.

ಮನೆಯಲ್ಲಿ ವೃದ್ಧರಿರುವವರು:

– ರಾತ್ರಿ ಹಾಸಿಗೆಯಿಂದ ಬಚ್ಚಲಿನವರೆಗೆ ಮಂದ ದೀಪವಿರಲಿ. ಒಳಕಿವಿ ಮತ್ತು ಅಂಗಾಲಿನ ಶಕ್ತಿ ಕುಂದಿದವರಿಗೆ ಕಣ್ಣೇ ಮುಖ್ಯ ಆಧಾರ.
– ಬಚ್ಚಲಿನಲ್ಲಿ ಹಿಡಿಕಟ್ಟು ಅಳವಡಿಸಿ, ನೆಲ ಜಾರದಂತೆ ನೋಡಿಕೊಳ್ಳುವುದು.
– ಮಲಗಿದ್ದವರು ಕೂಡಲೇ ಏಳದೆ, ಕೊಂಚ ಹೊತ್ತು ಕುಳಿತು ನಂತರ ನಿಲ್ಲುವುದು.
– ವೈದ್ಯರು ಸೂಚಿಸಿದ ನಡಿಗೆ ಮತ್ತು ಸಮತೋಲನದ ವ್ಯಾಯಾಮವನ್ನು ಜೊತೆಯಲ್ಲಿ ಒಬ್ಬರಿದ್ದು ಮಾಡಿಸುವುದು.

ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಅಥವಾ ತಲೆ ಎತ್ತಿ ನೋಡಿದಾಗ ಕೆಲವು ಕ್ಷಣಗಳು ಕೋಣೆಯೇ ಗಿರ್ರನೆ ಸುತ್ತಿದಂತಾದರೆ, ಒಳಕಿವಿಯ ಹರಳುಗಳು ಸ್ಥಾನ ತಪ್ಪಿ ಅರೆವೃತ್ತ ನಾಳವನ್ನು ಸೇರಿರುವ ಸಾಧ್ಯತೆಯಿದೆ. ವೈದ್ಯರು ತಲೆಯನ್ನು ನಿರ್ದಿಷ್ಟ ಕ್ರಮದಲ್ಲಿ ತಿರುಗಿಸಿ ಹರಳುಗಳನ್ನು ಮರಳಿ ಸ್ವಸ್ಥಾನಕ್ಕೆ ತರುವ ಚಿಕಿತ್ಸೆಯನ್ನು ನೀಡುತ್ತಾರೆ. ಬಹುತೇಕರಿಗೆ ಇದಕ್ಕೆ ಶಸ್ತ್ರಕ್ರಿಯೆ ಬೇಕಾಗುವುದಿಲ್ಲ. ತಲೆಸುತ್ತು ಪದೇ ಪದೇ ಬರುವವರು ತಮ್ಮ ತಾಲ್ಲೂಕಿನ ಸಾರ್ವಜನಿಕ ಆಸ್ಪತ್ರೆಯಲ್ಲಿ ಅಥವಾ ಚಾಮರಾಜನಗರ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧನಾ ಆಸ್ಪತ್ರೆಯಲ್ಲಿ ಕಿವಿ, ಮೂಗು, ಗಂಟಲು ತಜ್ಞರನ್ನು ಕಾಣುವುದು ಸೂಕ್ತ.

ತಲೆಸುತ್ತಿನೊಡನೆ ಮಾತು ತೊದಲುವುದು, ಮುಖ ಒಂದು ಕಡೆ ಸೊಟ್ಟಗಾಗುವುದು, ಕೈಕಾಲು ಬಲಹೀನವಾಗುವುದು ಅಥವಾ ಒಂದು ವಸ್ತು ಎರಡಾಗಿ ಕಾಣುವುದು ಥಟ್ಟನೆ ಆರಂಭವಾದರೆ ಅದು ಪಾರ್ಶ್ವವಾಯುವಿನ ಲಕ್ಷಣವಾಗಿರಬಹುದು. ಆಗ ಸ್ವಲ್ಪವೂ ವಿಳಂಬ ಮಾಡದೆ 108 ಆಂಬ್ಯುಲೆನ್ಸ್‌ಗೆ ಕರೆ ಮಾಡತಕ್ಕದ್ದು.

ಸಾರಾಂಶ

ನೆಟ್ಟಗೆ ನಿಲ್ಲುವ ಶಕ್ತಿಯು ಕಣ್ಣು, ಒಳಕಿವಿ ಮತ್ತು ಅಂಗಾಲುಗಳ ಸೂಚನೆಗಳನ್ನು ಕೂಡಿಸಿ ಮೆದುಳು ಕಲಿತ ಪಾಠ. ಕಕ್ಷೆಯಲ್ಲಿ ಈ ಪಾಠ ಬದಲಾಗುತ್ತದೆ, ಭೂಮಿಗೆ ಮರಳಿದಾಗ ಮತ್ತೆ ಬದಲಾಗುತ್ತದೆ. ಅಪಾಯ ಹೆಚ್ಚಿರುವುದು ಈ ಬದಲಾವಣೆಗಳು ನಡೆಯುವ ಅವಧಿಯಲ್ಲಿ. ಕ್ರಮಬದ್ಧ ಅಭ್ಯಾಸದಿಂದ ಆ ಅವಧಿಯನ್ನು ಸುರಕ್ಷಿತವಾಗಿ ದಾಟಬಹುದು. ಇದು ಗಗನಯಾತ್ರಿಗೂ, ಬಿದ್ದು ಎದ್ದು ಮತ್ತೆ ನಡೆಯಲು ಯತ್ನಿಸುವ ಮನೆಯ ಹಿರಿಯರಿಗೂ ಸಮಾನವಾಗಿ ಅನ್ವಯಿಸುತ್ತದೆ.